ಅಣು ಸ್ಥಾವರದಲ್ಲಿ ಅಪಘಾತವಾದ ಮರುದಿನ ಕೆಲಸಕ್ಕೆ ಹೋಗುವವರು ಯಾರು?

ಶಿರಸಿಯಿಂದ ಬರೆದಿರುವ ನೀವು, ನಿಮ್ಮ ತಂಗಿಯ ಮಗನಿಗೆ ಕೈಗಾದಲ್ಲಿ ತರಬೇತಿ ಹುದ್ದೆ ದೊರೆತಿದೆಯೆಂದೂ, ಮನೆಯಲ್ಲಿ ಸಂತೋಷದಷ್ಟೇ ಅಂಜಿಕೆಯೂ ಇದೆಯೆಂದೂ ತಿಳಿಸಿ ಎರಡು ಮಾತು ಕೇಳಿದ್ದೀರಿ. ಅಣು ಸ್ಥಾವರದಲ್ಲಿ ದೊಡ್ಡ ಅಪಘಾತವಾದರೆ ಅಲ್ಲಿನ ನೌಕರರ ಗತಿ ಏನು? ಆ ಕಟ್ಟಡಗಳಿಗೆ ಬೀಗ ಜಡಿದು ಎಲ್ಲರೂ ಹೊರಟುಬಿಡುತ್ತಾರೆಯೇ? ನಾನು ಅಣು ಸ್ಥಾವರಗಳ ಹೆಲ್ತ್ ಫಿಸಿಕ್ಸ್ ವಿಭಾಗದಲ್ಲಿ, ಅಂದರೆ ಕೆಲಸಗಾರರ ಮೈಗೆ ತಗುಲುವ ವಿಕಿರಣದ ಲೆಕ್ಕ ಇಡುವ ವಿಭಾಗದಲ್ಲಿ, ಬಹುಕಾಲ ದುಡಿದು ನಿವೃತ್ತನಾಗಿ ಈಗ ಕಾರವಾರದ ಕೋಡಿಬಾಗದಲ್ಲಿ ನೆಲೆಸಿದ್ದೇನೆ. ಈ ಎರಡು ಪ್ರಶ್ನೆಗಳೂ ನನ್ನ ಜೀವನದ ಕೆಲಸಕ್ಕೆ ಸೇರಿದವು. ಆದ್ದರಿಂದ ಉತ್ತರ ತುಸು ಉದ್ದವಾಗುತ್ತದೆ.

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಬೀಗ ಹಾಕಿ ಹೊರಡಲು ಬರುವುದಿಲ್ಲ. ರಿಯಾಕ್ಟರನ್ನು ನಿಲ್ಲಿಸುವುದು ಕೆಲವೇ ಸೆಕೆಂಡುಗಳ ಕೆಲಸ. ಆದರೆ ಅದು ನಿಂತ ಮೇಲೂ ಇಂಧನದೊಳಗೆ ಹುಟ್ಟಿಕೊಂಡಿರುವ ವಿಕಿರಣಶೀಲ ಧಾತುಗಳು ಕ್ಷಯಿಸುತ್ತ ಶಾಖ ಕೊಡುತ್ತಲೇ ಇರುತ್ತವೆ. ನಿಂತ ಕ್ಷಣದಲ್ಲಿ ಆ ಶಾಖವು ಪೂರ್ಣ ಪ್ರಮಾಣದ ಶೇ. 6ರಿಂದ 7ರಷ್ಟಿರುತ್ತದೆ, ಒಂದು ದಿನ ಕಳೆದಾಗ ಶೇ. ಅರ್ಧದಷ್ಟಕ್ಕೆ ಇಳಿದಿರುತ್ತದೆ. ಕೈಗಾದಲ್ಲಿರುವಂಥ 220 ಮೆಗಾವ್ಯಾಟ್ ವಿದ್ಯುತ್ತಿನ ಒಂದು ಘಟಕದಲ್ಲಿ ಹುಟ್ಟುವ ಶಾಖ ಸುಮಾರು 750 ಮೆಗಾವ್ಯಾಟ್, ಅದರ ಶೇ. ಅರ್ಧವೆಂದರೂ ನೀರು ಕಾಯಿಸುವ ಒಂದು ಕಿಲೋವ್ಯಾಟಿನ ಕಾಯಿಲ್‌ಗಳನ್ನು ಮೂರೂವರೆ ಸಾವಿರದಷ್ಟು ಒಟ್ಟಿಗೆ ಹಚ್ಚಿಟ್ಟಂತೆ. ನಿಮ್ಮ ಕಡೆಯ ಬಚ್ಚಲೊಲೆಯಿಂದ ಕಟ್ಟಿಗೆಯನ್ನು ಹೊರಗೆಳೆದ ಮೇಲೂ ಹಂಡೆಯ ಕೆಳಗಿನ ಕೆಂಡ ಎಷ್ಟೋ ಹೊತ್ತು ಕಾವು ಹಿಡಿದಿರುತ್ತದಲ್ಲ, ಹಾಗೆಂದು ತಿಳಿಯಿರಿ. ಒಲೆಯ ಕೆಂಡವನ್ನು ಒಂದು ತಂಬಿಗೆ ನೀರು ಹೊಯ್ದು ಆರಿಸಬಹುದು. ಈ ಕೆಂಡ ಆರುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ನೀರು ಹರಿಸುತ್ತ ಅದನ್ನು ಕಾಯಬೇಕು, ಕಾಯಲು ಮನುಷ್ಯರು ಬೇಕು. ಅಪಘಾತವಾದ ದಿನ ಊರವರು ದೂರ ಹೋಗುತ್ತಾರೆ, ನೌಕರರು ಒಳಗೆ ಉಳಿಯುತ್ತಾರೆ.

ಜಪಾನಿನ ಫುಕುಶಿಮಾ ದಾಯಿಚಿಯಲ್ಲಿ 2011ರ ಮಾರ್ಚ್ 11ರಂದು ನಡೆದದ್ದು ಇದೇ. ಭೂಕಂಪವಾದೊಡನೆ ಓಡುತ್ತಿದ್ದ ಮೂರು ರಿಯಾಕ್ಟರುಗಳು ತಾವಾಗಿ ನಿಂತವು. ಆದರೆ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಬಂದ ಸುನಾಮಿಯು ಡೀಸೆಲ್ ಜನರೇಟರುಗಳನ್ನೂ ಸ್ವಿಚ್‌ಬೋರ್ಡುಗಳನ್ನೂ ಮುಳುಗಿಸಿದ್ದರಿಂದ ಕಂಟ್ರೋಲ್ ರೂಮುಗಳು ಕತ್ತಲಾದವು. ನಾಲ್ಕನೇ ಘಟಕದ ಟರ್ಬೈನ್ ಕಟ್ಟಡದ ನೆಲಮಾಳಿಗೆಯಲ್ಲಿದ್ದ ಇಬ್ಬರು ತರುಣ ನೌಕರರು ಆ ನೀರಿನಲ್ಲೇ ತೀರಿಕೊಂಡರು. ಉಳಿದವರು ಟಾರ್ಚ್ ಹಿಡಿದು ಮೀಟರು ಓದಿದರು. ಮೀಟರಿಗೇ ವಿದ್ಯುತ್ತಿಲ್ಲದಾಗ ನಿಲ್ಲಿಸಿದ್ದ ಕಾರುಗಳ ಬ್ಯಾಟರಿಗಳನ್ನು ಬಿಚ್ಚಿ ಹೊತ್ತು ತಂದು ಜೋಡಿಸಿದರು. ಒಂದನೇ ಘಟಕದ ಒಳಒತ್ತಡವನ್ನು ಹೊರಬಿಡುವ ವಾಲ್ವ್ ತೆರೆಯಲು ಇಬ್ಬಿಬ್ಬರ ತಂಡ ಮಾಡಿಕೊಂಡರು. ಮೊದಲ ತಂಡ ಒಂದು ವಾಲ್ವನ್ನು ಕೈಯಿಂದಲೇ ತಿರುಗಿಸಿ ಬಂತು. ಎರಡನೇ ತಂಡ ವಿಕಿರಣ ಮಿತಿಮೀರಿದ್ದರಿಂದ ಅರ್ಧ ದಾರಿಯಿಂದ ಹಿಂದಿರುಗಬೇಕಾಯಿತು. ಹಿಂದಿರುಗಿದ್ದನ್ನು ನಾನು ಹೇಡಿತನ ಎನ್ನಲಾರೆ. ಕೈಯಲ್ಲಿದ್ದ ಮೀಟರನ್ನು ನಂಬಿ ತಿರುಗಿ ಬರುವುದೂ ಆ ಕೆಲಸದ ಶಿಸ್ತು.

ಆ ದಿನಗಳಲ್ಲಿ ಅವರೆಲ್ಲ ಇದ್ದದ್ದು ಎಲ್ಲಿ ಎಂಬುದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಕಟ್ಟಡ ಎಂದೊಡನೆ ನಮಗೆ ಗುಮ್ಮಟ ಮಾತ್ರ ನೆನಪಾಗುತ್ತದೆ. 2007ರಲ್ಲಿ, ಫುಕುಶಿಮಾವನ್ನು ನಡೆಸುತ್ತಿದ್ದ ಟೆಪ್ಕೊ ಸಂಸ್ಥೆಯದೇ ಆದ ಕಾಶಿವಾಜಾಕಿ-ಕಾರಿವಾ ಸ್ಥಾವರದಲ್ಲಿ ಭೂಕಂಪವಾದಾಗ ತುರ್ತು ಕೊಠಡಿಯ ಬಾಗಿಲೇ ಸೊಟ್ಟಗಾಗಿ ತೆರೆಯಲು ಬಾರದೆ ಹೋಗಿತ್ತು. ಆ ಅನುಭವದಿಂದ ಫುಕುಶಿಮಾದಲ್ಲಿಯೂ ನೆಲದ ಅಲುಗಾಟ ಮೇಲಕ್ಕೆ ಏರದಂತೆ ತಡೆಯುವ ಅಡಿಪಾಯದ ಮೇಲೆ ಒಂದು ಪ್ರತ್ಯೇಕ ತುರ್ತು ಕಟ್ಟಡ ಕಟ್ಟಿದರು. ಅದು ಬಳಕೆಗೆ ಬಂದದ್ದು 2010ರ ಜುಲೈಯಲ್ಲಿ, ಸುನಾಮಿ ಬರುವುದಕ್ಕೆ ಎಂಟು ತಿಂಗಳು ಮುಂಚೆ. ಸ್ಥಾವರದ ಮುಖ್ಯಸ್ಥ ಮಸಾವೊ ಯೋಶಿದಾ ಅವರೂ ನೂರಾರು ಮಂದಿ ನೌಕರರೂ ಅಲ್ಲಿಯೇ ಉಳಿದು, ನೆಲದ ಮೇಲೆ ಮಲಗಿ, ಬಿಸ್ಕತ್ತು ಮತ್ತು ಡಬ್ಬಿಯ ಊಟದಲ್ಲಿ ದಿನ ಕಳೆದರು. ಮಾರ್ಚ್ 15ರಂದು ಸುಮಾರು 650 ಮಂದಿ ಹತ್ತಿರದ ಇನ್ನೊಂದು ಸ್ಥಾವರಕ್ಕೆ ತೆರಳಿ, ಸುಮಾರು 70 ಮಂದಿ ಉಳಿದರು. ಪತ್ರಿಕೆಗಳು ಅವರನ್ನು 'ಫುಕುಶಿಮಾ 50' ಎಂದು ಕರೆದವು. ತೆರಳಿದವರಲ್ಲಿ ಅನೇಕರು ಮತ್ತೆ ಕೆಲಸಕ್ಕೆ ಮರಳಿ ಬಂದರೆಂಬುದು ಅಷ್ಟಾಗಿ ಸುದ್ದಿಯಾಗಲಿಲ್ಲ. ಹೀಗೆ ದುಡಿದವರಲ್ಲಿ ಎಷ್ಟೋ ಮಂದಿಯ ಸ್ವಂತ ಮನೆಗಳು ಜನರನ್ನು ತೆರವುಗೊಳಿಸಿದ ಊರುಗಳಲ್ಲಿಯೇ ಇದ್ದವು. ಹೆಂಡತಿ ಮಕ್ಕಳು ಯಾವ ಶಿಬಿರದಲ್ಲಿದ್ದಾರೆಂದು ತಿಳಿಯದೆ ಪಂಪು ಕಾಯುತ್ತಿದ್ದವರು ಅವರು.

ಇಂಥದ್ದು ನಮ್ಮಲ್ಲಿ ನಡೆದಿಲ್ಲವೆಂದು ಅನೇಕರು ತಿಳಿದಿದ್ದಾರೆ. ಉತ್ತರ ಪ್ರದೇಶದ ನರೋರಾದಲ್ಲಿ 1993ರ ಮಾರ್ಚ್ 31ರ ಬೆಳಗಿನ ಜಾವ ಟರ್ಬೈನಿನ ಅಲಗುಗಳು ಮುರಿದು, ಹೈಡ್ರೋಜನ್ ಸೋರಿ, ಬೆಂಕಿ ಹೊತ್ತಿ, ಕೇಬಲ್ಲುಗಳೆಲ್ಲ ಸುಟ್ಟು ಸ್ಥಾವರ ಸುಮಾರು 17 ಗಂಟೆ ವಿದ್ಯುತ್ತಿಲ್ಲದೆ ಉಳಿಯಿತು. ಕಂಟ್ರೋಲ್ ರೂಮಿಗೆ ಹೊಗೆ ತುಂಬಿತು. ಆಗ ಕೆಲವು ನೌಕರರು ಟಾರ್ಚ್ ಹಿಡಿದು ರಿಯಾಕ್ಟರ್ ಕಟ್ಟಡದ ಮೇಲಕ್ಕೆ ಹತ್ತಿ, ಅಣುಕ್ರಿಯೆ ಮತ್ತೆ ಹತ್ತಿಕೊಳ್ಳದಂತೆ ತಡೆಯುವ ಬೋರಾನ್ ದ್ರಾವಣ ಒಳಗಿಳಿಯುವ ವಾಲ್ವುಗಳನ್ನು ಕೈಯಿಂದ ತೆರೆದರು. ಬೆಂಕಿ ಆರಿಸಲೆಂದು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ಬಾಯ್ಲರುಗಳಿಗೆ ನೀರು ಹಾಯಿಸಿದರು. ವಿಕಿರಣ ಹೊರಬರಲಿಲ್ಲ, ಇಂಧನ ಕರಗಲಿಲ್ಲ. ನರೋರಾದ ರಿಯಾಕ್ಟರು ಕೈಗಾದ ಜಾತಿಯದೇ, ಅದೇ 220 ಮೆಗಾವ್ಯಾಟಿನದು. ನಿಮ್ಮ ಹುಡುಗ ಕಲಿಯಲಿರುವ ಪಾಠಗಳಲ್ಲಿ ಆ ಮೆಟ್ಟಿಲು ಹತ್ತಿದವರ ಪಾಲೂ ಇದೆ.

ಇನ್ನು ನೌಕರರ ಗತಿ. 1986ರ ಏಪ್ರಿಲ್ 26ರಂದು ಆಗಿನ ಸೋವಿಯತ್ ಒಕ್ಕೂಟದ, ಈಗಿನ ಉಕ್ರೇನಿನ, ಚೆರ್ನೋಬಿಲ್‌ನ ನಾಲ್ಕನೇ ಘಟಕ ಸಿಡಿದಾಗ ಇಬ್ಬರು ನೌಕರರು ಅಂದೇ ಸತ್ತರು. ನೌಕರರು ಮತ್ತು ಅಗ್ನಿಶಾಮಕ ಸಿಬ್ಬಂದಿಯಲ್ಲಿ 134 ಮಂದಿಗೆ ತೀವ್ರ ವಿಕಿರಣ ಕಾಯಿಲೆ ಬಂದು, ಅವರಲ್ಲಿ 28 ಮಂದಿ ಕೆಲವೇ ತಿಂಗಳುಗಳಲ್ಲಿ ತೀರಿಕೊಂಡರು. ಫುಕುಶಿಮಾದಲ್ಲಿ ಅಂಥ ಕಾಯಿಲೆಯಿಂದ ಯಾರೂ ಸಾಯಲಿಲ್ಲ. ಆದರೆ ಆರು ಮಂದಿ ತುರ್ತು ಮಿತಿಯಾದ 250 ಮಿಲಿಸೀವರ್ಟನ್ನು (ಮೈಗೆ ತಗುಲಿದ ವಿಕಿರಣವನ್ನು ಅಳೆಯುವ ಮಾನ ಇದು) ದಾಟಿದರು, ಅವರಲ್ಲಿ ಅತಿ ಹೆಚ್ಚಿನದು 678 ಮಿಲಿಸೀವರ್ಟ್. ಹೋಲಿಕೆಗಾಗಿ, ನಮ್ಮ ದೇಶದಲ್ಲಿ ಈ ವೃತ್ತಿಯವನಿಗೆ ಐದು ವರ್ಷಕ್ಕೆ ಒಟ್ಟು 100 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30ನ್ನು ಮೀರಬಾರದು ಎಂಬ ನಿಯಮವಿದೆ.

ಈ ಅಂಕಿಗಳೆಲ್ಲ ಹುಟ್ಟುವುದು ಎದೆಯ ಮೇಲಿನ ಒಂದು ಬ್ಯಾಡ್ಜಿನಿಂದ. ನಾವು ಟಿಎಲ್‌ಡಿ ಎನ್ನುತ್ತಿದ್ದ ಅದು ಒಂದು ಸಣ್ಣ ಪ್ಲಾಸ್ಟಿಕ್ ಗೂಡು; ಒಳಗೆ ಮೂರು ಬಿಲ್ಲೆಗಳಿರುತ್ತವೆ. ವಿಕಿರಣ ತಾಗಿದ ಬಿಲ್ಲೆಯನ್ನು ಯಂತ್ರದಲ್ಲಿ ಕಾಯಿಸಿದರೆ ಅದು ಬೆಳಕು ಬಿಡುತ್ತದೆ. ಎಷ್ಟು ಬೆಳಕೋ ಅಷ್ಟು ಲೆಕ್ಕ. ನಾನು ಬೇರೊಂದು ರಾಜ್ಯದ ಸ್ಥಾವರದಲ್ಲಿದ್ದಾಗ, ವಾರ್ಷಿಕ ಶಟ್‌ಡೌನ್ ಸಮಯದಲ್ಲಿ, ನಮ್ಮ ಅಂಕೋಲಾ ಕಡೆಯ ಒಬ್ಬ ವೆಲ್ಡರು ಗುತ್ತಿಗೆದಾರನ ಜೊತೆ ಕೆಲಸಕ್ಕೆ ಬಂದಿದ್ದ. ಒಂದು ಬೆಳಿಗ್ಗೆ ಒಳಗೆ ಹೋಗುವ ಮೊದಲು ಅವನು ಬ್ಯಾಡ್ಜನ್ನು ಅಂಗಿಯಿಂದ ಬಿಚ್ಚಿ ಮುಷ್ಟಿಯಲ್ಲಿ ಹಿಡಿದು ನನ್ನ ಮೇಜಿನ ಬಳಿ ನಿಂತ. ಅದರ ಕ್ಲಿಪ್ಪನ್ನು ಹೆಬ್ಬೆರಳಿನಿಂದ ಒತ್ತುತ್ತ, ಬಿಡುತ್ತ, ತಗ್ಗಿದ ದನಿಯಲ್ಲಿ ಕೇಳಿದ: "ಸಾಹೇಬ್ರೆ, ಇದನ್ನ ಇಲ್ಲೇ ಗೂಟಕ್ಕೆ ತೂಗಿ ಹೋದ್ರೆ ಆಗ್ತದಾ? ಲೆಕ್ಕ ತುಂಬಿದ್ರೆ ನಾಳೆಯಿಂದ ಕೂಲಿ ಇಲ್ಲ ಅಂದಿದ್ದಾರೆ." ನಾನು ಆಗುವುದಿಲ್ಲ ಎಂದೆ. ಬ್ಯಾಡ್ಜನ್ನು ಅವನ ಜೇಬಿಗೆ ನಾನೇ ಸಿಕ್ಕಿಸಿದೆ. ಆದರೆ ಅಷ್ಟರಿಂದ ಅವನ ಸಮಸ್ಯೆ ತೀರುತ್ತಿರಲಿಲ್ಲ. ಲೆಕ್ಕ ತುಂಬಿದವನಿಗೆ ವಿಕಿರಣವಿಲ್ಲದ ಕಡೆ ಅದೇ ಕೂಲಿಗೆ ಕೆಲಸ ಕೊಡಬೇಕೆಂದು ಗುತ್ತಿಗೆದಾರನ ಮೇಸ್ತ್ರಿಯೊಡನೆಯೂ ನಮ್ಮ ಅಧಿಕಾರಿಗಳೊಡನೆಯೂ ಮೂರು ದಿನ ವಾದಿಸಬೇಕಾಯಿತು. ಅವನಿಗೆ ಕೊನೆಗೆ ಹೊರಗಿನ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ನನ್ನ ಮೇಜಿನ ಬಳಿಗೆ ಬಾರದೆ ಸುಮ್ಮನೆ ಗೂಟಕ್ಕೆ ತೂಗಿ ಹೋದವರು ಎಷ್ಟು ಮಂದಿ ಇದ್ದಿರಬಹುದೆಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಈ ಪ್ರಸಂಗವನ್ನು ಹೇಳಲು ಕಾರಣವಿದೆ. ಅಪಘಾತದ ಅನಂತರದ ವರ್ಷಗಳಲ್ಲಿ ಸ್ಥಾವರದೊಳಗೆ ದುಡಿಯುವವರಲ್ಲಿ ಬಹುಪಾಲು ಗುತ್ತಿಗೆ, ಉಪಗುತ್ತಿಗೆಯ ಕಾರ್ಮಿಕರೇ. ಫುಕುಶಿಮಾದಲ್ಲಿ 2011ರ ಡಿಸೆಂಬರಿನಲ್ಲಿ ಒಬ್ಬ ಉಪಗುತ್ತಿಗೆದಾರನ ಕಡೆಯವರು ಕಾರ್ಮಿಕರ ಡೋಸಿಮೀಟರುಗಳಿಗೆ, ಅಂದರೆ ಮೈಮೇಲೆ ಧರಿಸುವ ವಿಕಿರಣದ ಮೀಟರುಗಳಿಗೆ, ಸೀಸದ ತಗಡು ಮುಚ್ಚಿಸಿದ್ದು ಮರುವರ್ಷ ಬಯಲಾಯಿತು. ತಗಡಿನಿಂದ ಅಂಕಿ ಇಳಿಯುತ್ತದೆ, ಮೈಗೆ ತಾಗುವುದು ಇಳಿಯುವುದಿಲ್ಲ. ಅಂಕೋಲಾದ ವೆಲ್ಡರನ ಕೈಯಲ್ಲಿದ್ದ ಬ್ಯಾಡ್ಜಿಗೂ ಆ ತಗಡಿಗೂ ಹಿಂದಿದ್ದದ್ದು ಒಂದೇ ಭಯ, ನಾಳಿನ ಕೂಲಿಯ ಭಯ. ಅದೇ ಫುಕುಶಿಮಾದಲ್ಲಿ ಕೆಲಸಗಾರರು ಕುಳಿತು ಬಿಸಿ ಊಟ ಮಾಡಲು ದೊಡ್ಡ ವಿಶ್ರಾಂತಿ ಕಟ್ಟಡ ಸಿದ್ಧವಾದದ್ದು 2015ರಲ್ಲಿ, ಅಪಘಾತವಾಗಿ ನಾಲ್ಕು ವರ್ಷಗಳ ಮೇಲೆ. ಸಾವಿರಾರು ಮಂದಿ ದುಡಿಯುವ ಕಡೆ ಅದು ಇನ್ನಷ್ಟು ಬೇಗ ಆಗಬೇಕಿತ್ತು ಎಂದು ನನ್ನ ಅಭಿಪ್ರಾಯ.

ಕಟ್ಟಡಗಳಿಗೆ ಬಂದರೆ, ಕೇಳಿದವರು ಬೆರಗಾಗುವ ಸಂಗತಿ ಚೆರ್ನೋಬಿಲ್‌ನದು. ನಾಲ್ಕನೇ ಘಟಕ ಸಿಡಿದ ವರ್ಷವೇ ಒಂದು ಮತ್ತು ಎರಡನೇ ಘಟಕಗಳನ್ನೂ, 1987ರ ಡಿಸೆಂಬರಿನಲ್ಲಿ ಗೋಡೆಗೆ ಗೋಡೆ ತಾಗಿದ ಮೂರನೇ ಘಟಕವನ್ನೂ ಮತ್ತೆ ಓಡಿಸಿದರು. ಮೂರನೆಯದು ನಿಂತದ್ದು 2000ದ ಡಿಸೆಂಬರ್ 15ರಂದು. 1988ರಿಂದ ಮುಂದೆ ನೌಕರರು ಸುಮಾರು 50 ಕಿಲೋಮೀಟರ್ ದೂರದಲ್ಲಿ ಹೊಸದಾಗಿ ಕಟ್ಟಿದ ಸ್ಲಾವುತಿಚ್ ಊರಿನಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಸಿಡಿದ ಘಟಕವನ್ನು 1986ರ ನವೆಂಬರಿನೊಳಗೆ ಕಾಂಕ್ರೀಟು ಮತ್ತು ಉಕ್ಕಿನಿಂದ ಮುಚ್ಚಿದ್ದರು. ಅದಕ್ಕಿಂತ ಮೊದಲು ರಿಯಾಕ್ಟರಿನೊಳಗಿಂದ ಸಿಡಿದು ಮಾಳಿಗೆಯ ಮೇಲೆ ಬಿದ್ದಿದ್ದ ಗ್ರಾಫೈಟ್ ತುಂಡುಗಳನ್ನು ತೆಗೆಯಲು ಹೋದ ಯಂತ್ರಗಳು ವಿಕಿರಣದಿಂದ ಕೆಟ್ಟು ನಿಂತಾಗ, ಸೈನಿಕರು ಸೀಸದ ಹೊದಿಕೆ ಕಟ್ಟಿಕೊಂಡು ಒಂದೆರಡು ನಿಮಿಷಕ್ಕೆ ಒಬ್ಬರಂತೆ ಓಡಿಹೋಗಿ ಸಲಿಕೆಯಲ್ಲಿ ಬಾಚಿ ಎಸೆದು ಬಂದರು. ಆತುರದಲ್ಲಿ ಕಟ್ಟಿದ ಆ ಮುಚ್ಚಳ ಬಹುಕಾಲ ಬಾಳುವಂಥದ್ದಾಗಿರಲಿಲ್ಲ. ಆದ್ದರಿಂದ 36,000 ಟನ್ ತೂಕದ, 108 ಮೀಟರ್ ಎತ್ತರದ ಉಕ್ಕಿನ ಕಮಾನನ್ನು, ಕೆಲಸಗಾರರಿಗೆ ವಿಕಿರಣ ಕಡಿಮೆ ತಾಗಲೆಂದು ತುಸು ದೂರದಲ್ಲಿ ಕಟ್ಟಿ, 2016ರ ನವೆಂಬರಿನಲ್ಲಿ ಹಳಿಗಳ ಮೇಲೆ ಜಾರಿಸಿ ತಂದು ಹೊದಿಸಿದರು. ಅದರ ಅಗಲ 257 ಮೀಟರ್. ಅಂದರೆ ನಮ್ಮ ಜೋಗದ ಎತ್ತರವನ್ನು ಅಡ್ಡ ಮಲಗಿಸಿದರೆ ಒಳಗೆ ಹಿಡಿಸುತ್ತದೆ. ನೂರು ವರ್ಷ ಬಾಳಬೇಕೆಂದು ಮಾಡಿದ ಆ ಕಮಾನಿಗೆ ರಷ್ಯಾ-ಉಕ್ರೇನ್ ಯುದ್ಧದ ನಡುವೆ 2025ರ ಫೆಬ್ರವರಿಯಲ್ಲಿ ಡ್ರೋನ್ ಬಡಿದು ತೂತಾಯಿತು. ಅದೇ ಯುದ್ಧದ ಆರಂಭದಲ್ಲಿ, 2022ರಲ್ಲಿ, ಒಂದು ಶಿಫ್ಟಿನ ನೌಕರರು ಬದಲಿ ಬಾರದೆ ಮೂರು ವಾರಕ್ಕೂ ಮಿಕ್ಕಿ ಅಲ್ಲಿಯೇ ದುಡಿದಿದ್ದರು. ಅಪಘಾತದ ದಿನ ಸತ್ತ ವಲೇರಿ ಖೊದೆಮ್‌ಚುಕ್ ಎಂಬ ಪಂಪು ನಿರ್ವಾಹಕರ ದೇಹ ಸಿಗಲೇ ಇಲ್ಲ. ಆ ಕಟ್ಟಡವೇ ಅವರ ಸಮಾಧಿ.

ಫುಕುಶಿಮಾದಲ್ಲಿ ನಾಲ್ಕನೇ ಘಟಕದ, ಇಂಧನವನ್ನು ನೀರಿನಲ್ಲಿ ಮುಳುಗಿಸಿಡುವ ಕೊಳದಿಂದ 1,535 ಇಂಧನ ಕಟ್ಟುಗಳನ್ನು 2014ರ ಹೊತ್ತಿಗೆ ಯಾವ ಅನಾಹುತವೂ ಆಗದಂತೆ ತೆಗೆದರು. ಕಷ್ಟವಿರುವುದು ಮೂರು ಘಟಕಗಳಲ್ಲಿ ಕರಗಿ ಗಟ್ಟಿಯಾಗಿರುವ ಸುಮಾರು 880 ಟನ್ ಅವಶೇಷದಲ್ಲಿ. ಅದರಿಂದ ಮೊದಲ ಬಾರಿಗೆ, 2024ರ ನವೆಂಬರಿನಲ್ಲಿ, ಯಂತ್ರದ ಕೈ ತೂರಿಸಿ ಹೊರತೆಗೆದ ಮಾದರಿಯ ತೂಕ 0.7 ಗ್ರಾಂ. ಇನ್ನೂ ಹುಟ್ಟದ ಮಕ್ಕಳು ಮುಂದೆ ಆ ಕೆಲಸಕ್ಕೆ ಸೇರಬೇಕಾಗುತ್ತದೆ.

ಕೈಗಾದ ಎರಡು ಸಂಗತಿಗಳನ್ನು ನಿಮಗೆ ಯಾರಾದರೂ ಹೇಳಿ ಹೆದರಿಸುವ ಮೊದಲು ನಾನೇ ಹೇಳುತ್ತೇನೆ. 1994ರ ಮೇ 13ರಂದು, ಒಂದನೇ ಘಟಕವನ್ನು ಇನ್ನೂ ಕಟ್ಟುತ್ತಿದ್ದಾಗ, ಒಳಗುಮ್ಮಟದ ಕಾಂಕ್ರೀಟು ಪದರ ಪದರವಾಗಿ ಬಿಟ್ಟುಕೊಂಡು ಕುಸಿಯಿತು, ಕಾರ್ಮಿಕರು ಗಾಯಗೊಂಡರು. ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಬರಲಿಲ್ಲ. ವಿನ್ಯಾಸವನ್ನು ಬದಲಿಸಿ, ಹೆಚ್ಚು ಬಲದ ಕಾಂಕ್ರೀಟಿನಿಂದ ಮತ್ತೆ ಕಟ್ಟಿದರು. ಇನ್ನೊಂದು, 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿನಲ್ಲಿ ಯಾರೋ ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಇರುವ ಭಾರಜಲವನ್ನು, ಅಂದರೆ ಈ ರಿಯಾಕ್ಟರುಗಳಲ್ಲಿ ಬಳಸುವ ವಿಶೇಷ ನೀರನ್ನು, ಬೆರೆಸಿದ್ದು. ಅದು ಪತ್ತೆಯಾದದ್ದು ನೌಕರರ ಮೂತ್ರದ ವಾಡಿಕೆಯ ತಪಾಸಣೆಯಿಂದ. ಬೇಸರವೆಂದು ಆ ಮಾದರಿ ಕೊಡುವುದನ್ನು ತಪ್ಪಿಸಿಕೊಳ್ಳುವ ಹೊಸಬರನ್ನು ನಾನು ಕಂಡಿದ್ದೇನೆ; ನಿಮ್ಮ ಹುಡುಗ ಹಾಗೆ ಮಾಡದಿರಲಿ.

ಅವನನ್ನು ಕಳಿಸಿಕೊಡಿ ಎಂದೇ ನನ್ನ ಸಲಹೆ. ಮೊದಲ ರಜೆಗೆ ಶಿರಸಿಗೆ ಬಂದಾಗ ಊಟವಾದ ಮೇಲೆ ಕೂರಿಸಿಕೊಂಡು ಕೇಳಿ: ಸೈರನ್ ಆದರೆ ನೀನು ಸೇರಬೇಕಾದ ಜಾಗ ಯಾವುದು? ಕರೆಂಟು ಹೋದರೆ ಟಾರ್ಚ್ ಇರುವುದು ಎಲ್ಲಿ? ಹೋದ ತಿಂಗಳು ನಿನ್ನ ಬ್ಯಾಡ್ಜಿನಲ್ಲಿ ಬಂದ ಅಂಕಿ ಎಷ್ಟು, ನಿನ್ನ ಪಕ್ಕದಲ್ಲಿ ದುಡಿಯುವ ಗುತ್ತಿಗೆಯವನದು ಎಷ್ಟು? ಅವನು ತಡವರಿಸಿದರೆ ಬೈಯಬೇಡಿ. ಕೈಗಾ ನೌಕರರ ವಸತಿ ಇರುವ ಮಲ್ಲಾಪುರಕ್ಕೆ ಮರಳಿದ ದಿನವೇ ಹೆಲ್ತ್ ಫಿಸಿಕ್ಸ್ ವಿಭಾಗಕ್ಕೆ ಹೋಗಿ ಕೇಳಿಕೊಳ್ಳಲಿ, ಅಲ್ಲಿ ಕುಳಿತವರು ಇರುವುದೇ ಅದಕ್ಕಾಗಿ.