ರಿಸೆಪ್ಶನ್‌ನಲ್ಲಿ ಒಬ್ಬರಿಗೆ ಎರಡೇ ಕೂಪನ್ ಕೊಟ್ಟರೆ ಜನ ಕಡಿಮೆ ಕುಡಿಯುತ್ತಾರಾ?

ಇಲ್ಲ. ಜಾಸ್ತಿ ಕುಡಿಯುತ್ತಾರೆ.

ತಂಗಿಯ ರಿಸೆಪ್ಶನ್‌ನಲ್ಲಿ ಡ್ರಿಂಕ್ಸ್ ಇಡಲೇಬೇಕಾಗಿದೆ, ತಲೆಗೆ ಎರಡು ಕೂಪನ್ ಕೊಟ್ಟು, ಬಾರ್ ಇಷ್ಟು ಹೊತ್ತಿಗೆ ಮುಚ್ಚುತ್ತದೆ ಅಂತ ಮೊದಲೇ ಹೇಳಿಬಿಟ್ಟರೆ ಯಾರೂ ಮಿತಿ ಮೀರಲ್ಲ ಅಲ್ವಾ ಅಂತ ಕೇಳಿದ್ದೀರಿ. ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹನ್ನೊಂದು ವರ್ಷದ ಹಿಂದೆ ಅಕ್ಕನ ಮದುವೆಗೆ ನಾನು ಹಾಕಿದ್ದ ಪ್ಲಾನ್ ಇದೇ. ನಿಮ್ಮದು ಎರಡು ಕೂಪನ್, ನನ್ನದು ಮೂರು. ಅಷ್ಟೇ ವ್ಯತ್ಯಾಸ.

ನಾನು ಕುಡಿಯುವುದಿಲ್ಲ. ಅದಕ್ಕೇ ಬಾರ್ ಉಸ್ತುವಾರಿ ನನ್ನ ತಲೆಗೆ ಕಟ್ಟಿದರು. ಕುಡಿಯದವರ ಕೈಯಲ್ಲಿದ್ದರೆ ಲೆಕ್ಕ ಸರಿಯಿರುತ್ತದೆ ಅಂತ ಅಪ್ಪನ ವಾದ. ಲೆಕ್ಕವೇನೋ ಚೆನ್ನಾಗಿಯೇ ಇತ್ತು. ಕುಡಿಯುವವರ ತಲೆ ಹೇಗೆ ಓಡುತ್ತದೆ ಅನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ.

ದೊಡ್ಡವರು 180 ಜನ. ಒಬ್ಬರಿಗೆ ಮೂರರಂತೆ 540 ಕೂಪನ್. ಚೆಂದದ ನೀಲಿ ಕಾಗದ, ಮೂಲೆಯಲ್ಲಿ ಅಕ್ಕ ಭಾವನ ಹೆಸರಿನ ಮೊದಲಕ್ಷರ. ಬಾಗಿಲಲ್ಲಿ ಸ್ವಾಗತಿಸುವಾಗಲೇ ಕೈಗೆ ಕೊಟ್ಟೆವು. ಮೂರು ಪೆಗ್ ಅಂದರೆ ಯಾರೂ ನೆಲ ಕಚ್ಚುವುದಿಲ್ಲ ಅಂತ ಕುಡಿಯುವ ಗೆಳೆಯರನ್ನು ಕೇಳಿಯೇ ನಿರ್ಧರಿಸಿದ್ದೆ.

ಇಲ್ಲೇ ನಾನು ಎಡವಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನೀವೂ ಇದೇ ಲೆಕ್ಕ ಹಾಕಿದ್ದೀರಿ. 180 ಜನರಲ್ಲಿ ಕುಡಿಯುವವರು ಹೆಚ್ಚೆಂದರೆ 70. ಉಳಿದ 110 ಜನರ ಕೈಯಲ್ಲೂ ಮೂರು ಮೂರು ಕೂಪನ್ ಇದ್ದವು, ಅಂದರೆ 330. ಅವು ಎಲ್ಲಿಗೆ ಹೋಗುತ್ತವೆ? ಕಸದ ಬುಟ್ಟಿಗಂತೂ ಅಲ್ಲ. ಅತ್ತೆ ತನ್ನದನ್ನು ಮಾವನಿಗೆ ಕೊಡುತ್ತಾಳೆ. ಪಕ್ಕದ ಮನೆಯವರು 'ನಮಗ್ಯಾಕೆ, ನೀವಿಟ್ಟುಕೊಳ್ಳಿ' ಅಂತ ಎದುರು ಕೂತವರಿಗೆ ಕೊಡುತ್ತಾರೆ. ಕೂಪನ್ ಮೇಲೆ ಹೆಸರಿರಲಿಲ್ಲ. ಹೆಸರಿದ್ದರೂ ಪೆಗ್ ಹಾಕುವವನು ಓದುತ್ತಾ ಕೂರುತ್ತಿರಲಿಲ್ಲ. 540 ಅನ್ನು 70ರಿಂದ ಭಾಗಿಸಿ ನೋಡಿ, ತಲೆಗೆ ಏಳು ದಾಟುತ್ತದೆ. ನಾನು ಮಿತಿ ಅಂದುಕೊಂಡದ್ದು ಮೂರು. ಮರುದಿನ ಬೆಳಿಗ್ಗೆ ಬಾರ್‌ನ ಡಬ್ಬ ಸುರಿದು ಎಣಿಸಿದಾಗ 410 ಕೂಪನ್ ಸಿಕ್ಕವು. ಸುಮಾರು ಆರು.

ಇನ್ನೊಂದು ವಿಷಯ. ಕೈಗೆ ಚೀಟಿ ಬಂದ ಕೂಡಲೇ ಕುಡಿಯುವುದು ಹಕ್ಕಾಗಿಬಿಡುತ್ತದೆ. ಒಂದು ಗ್ಲಾಸ್ ಹಿಡಿದು ಇಡೀ ಸಂಜೆ ಕಳೆಯುವ ಮನುಷ್ಯನೂ ಜೇಬಿನಲ್ಲಿ ಇನ್ನೂ ಎರಡಿದೆ, ಸುಮ್ನೆ ಯಾಕೆ ಹಾಳು ಮಾಡೋದು ಅಂತ ಎದ್ದು ಹೋಗುತ್ತಾನೆ. ಬಸ್ ಪಾಸಿಗೆ ದುಡ್ಡು ಕೊಟ್ಟಿದ್ದೇನೆ ಅಂತ ಕೆಲಸವಿಲ್ಲದೆಯೂ ಊರು ಸುತ್ತುವವರಿಲ್ಲವೇ, ಹಾಗೆ.

ಇದರ ಮೇಲೆ ನಾನು ಇನ್ನೊಂದು ಜಾಣತನ ಮಾಡಿದೆ. ಒಂಬತ್ತು ಗಂಟೆಗೆ ಮೈಕಿನಲ್ಲಿ, 'ಬಾರ್ ಇನ್ನು ಅರ್ಧ ಗಂಟೆ ಮಾತ್ರ' ಅಂತ ಹೇಳಿಸಿದೆ. ಅಲ್ಲಿಯವರೆಗೆ ಹಾಯಾಗಿ ಹರಟುತ್ತಿದ್ದ ಜನ ಒಮ್ಮೆಲೇ ಎದ್ದರು. ಮುಂದಿನ ಅರ್ಧ ಗಂಟೆ ಬಾರ್ ಮುಂದೆ ಉಸಿರಾಡಲು ಜಾಗವಿರಲಿಲ್ಲ.

ನಮ್ಮ ಚಿಕ್ಕಪ್ಪ ಕುಡುಕರಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಹಬ್ಬಕ್ಕೋ ಹರಿದಿನಕ್ಕೋ ಒಂದೆರಡು ಪೆಗ್ ಹಾಕಿ ಹಳೆಯ ಹಾಡು ಗುನುಗುವ ಮನುಷ್ಯ. ಅವತ್ತು ಎಂಟೂಮುಕ್ಕಾಲಿನವರೆಗೆ ಅವರು ಮುಗಿಸಿದ್ದು ಎರಡೇ ಪೆಗ್. ಆಮೇಲೆ ಚಿಕ್ಕಮ್ಮನದು, ಚಿಕ್ಕಮ್ಮನ ಗೆಳತಿಯದು ಎಲ್ಲ ಸೇರಿ ಜೇಬಿನಲ್ಲಿ ಐದು ಕೂಪನ್ ಉಳಿದಿದ್ದವು. ಮೈಕಿನ ಮಾತು ಕೇಳಿ ಅರ್ಧ ಗಂಟೆಯಲ್ಲಿ ಐದನ್ನೂ ಖಾಲಿ ಮಾಡಿದರು. ಒಂಬತ್ತೂ ನಲವತ್ತಕ್ಕೆ ನನ್ನ ಎದುರು ನೆಟ್ಟಗೆ ನಿಂತಿದ್ದರು. ಮಾತು ತೊದಲಲಿಲ್ಲ. 'ಚೆನ್ನಾಗಿ ನಡೆಸಿದೆ ಪುಟ್ಟಾ' ಅಂತ ಬೆನ್ನು ತಟ್ಟಿದರು.

ನೆಟ್ಟಗಿದ್ದರು ಯಾಕೆ ಗೊತ್ತಾ? ಕೊನೆಯ ಪೆಗ್‌ಗಳು ಇನ್ನೂ ರಕ್ತಕ್ಕೆ ಪೂರ್ತಿ ಸೇರಿರಲಿಲ್ಲ. ಕುಡಿದದ್ದು ಪೂರ್ತಿ ಏರಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು. ಗ್ಲಾಸ್ ಕೆಳಗಿಟ್ಟ ಮೇಲೂ ಅಮಲು ಏರುತ್ತಲೇ ಇರುತ್ತದೆ. ಇಳಿಯುವ ಲೆಕ್ಕ ಬೇರೆ. 30 ಮಿಲಿ ಪೆಗ್‌ನಲ್ಲಿ ಹೆಚ್ಚುಕಮ್ಮಿ 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅಷ್ಟನ್ನು ಕರಗಿಸಲು ಲಿವರ್‌ಗೆ ಸುಮಾರು ಒಂದು ಗಂಟೆ ಬೇಕು. ನೀವು ಎಷ್ಟೇ ಅವಸರ ಮಾಡಿದರೂ ಅದು ತನ್ನ ಪಾಡಿಗೆ ನಿಧಾನವಾಗಿಯೇ ಕೆಲಸ ಮಾಡುತ್ತದೆ. ಬಿಯರ್ ತಾನೇ ಅನ್ನಬೇಡಿ, 330 ಮಿಲಿಯ ಮಾಮೂಲಿ ಬಿಯರ್‌ನಲ್ಲಿ 13 ಗ್ರಾಂ ಇರುತ್ತದೆ, ಒಂದು ಪೆಗ್‌ಗಿಂತ ಜಾಸ್ತಿ. ಹಾಗಾಗಿ ಏಳು ಪೆಗ್ ಇಳಿಯಲು ಬೆಳಗಾಗಬೇಕು. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು.

ಆಗಲೇ ಯಾರೋ ಬಂದು, ಫೋಟೋದವರ ವ್ಯಾನ್‌ಗೆ ಒಂದು ಕಾರು ಅಡ್ಡ ಇದೆ ಅಂದರು. ಚಿಕ್ಕಪ್ಪನ ಕಾರು. 'ಚಿಕ್ಕಪ್ಪ, ಸ್ವಲ್ಪ ಹಿಂದಕ್ಕೆ ತೆಗೀತೀರಾ' ಅಂತ ಕೇಳಿದ್ದು ನಾನೇ. ಹತ್ತು ಅಡಿ ಹಿಂದೆ ಹೋಗುವುದಕ್ಕೆ ಡ್ರೈವಿಂಗ್ ಅಂತ ಯಾರು ಅಂದುಕೊಳ್ಳುತ್ತಾರೆ? ಅವರು ರಿವರ್ಸ್ ಹಾಕಿ, ಬ್ರೇಕ್ ಅಂತ ಆಕ್ಸಿಲರೇಟರ್ ತುಳಿದರು. ಕಾರು ಹೂವಿನ ಕಮಾನನ್ನು ಕೆಡವಿ ಗೇಟಿನ ಕಂಬಕ್ಕೆ ಹೋಗಿ ಬಡಿಯಿತು. ಹಣೆಗೆ ಆರು ಹೊಲಿಗೆ ಬಿತ್ತು. ಆ ಕಮಾನಿನ ಕೆಳಗೆ ಸಂಜೆಯಿಂದ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಐದು ನಿಮಿಷ ಮುಂಚೆ ಅಕ್ಕ ಅವರನ್ನೆಲ್ಲ ಫೋಟೋಗೆ ಅಂತ ಸ್ಟೇಜಿಗೆ ಕರೆದಿದ್ದಳು. ಇದನ್ನು ಬರೆಯುವಾಗ ಈಗಲೂ ಕೈ ತಣ್ಣಗಾಗುತ್ತದೆ.

ಆಮೇಲೆ ಚಿಕ್ಕಪ್ಪ ಎರಡು ವರ್ಷ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಅಪ್ಪ ಅದನ್ನು ಕೋಪ ಅಂದುಕೊಂಡರು. ನಾಚಿಕೆ ಅಂತ ಚಿಕ್ಕಮ್ಮ ಎಷ್ಟೋ ದಿನದ ಮೇಲೆ ಹೇಳಿದರು. ಕಾರು ತೆಗೆಯಲು ಹೇಳಿದ್ದು ನಾನೇ ಅಂತ ನಾನು ಇವತ್ತಿಗೂ ಅಪ್ಪನ ಮುಂದೆ ಬಾಯಿಬಿಟ್ಟಿಲ್ಲ.

ಹಾಗಾಗಿ, ತಲೆಗೆ ಎಷ್ಟು ಅಂತ ಕೇಳುವುದನ್ನೇ ಬಿಡಿ. ಎಷ್ಟು ಬೇಗ ಕುಡಿಯುತ್ತಾರೆ, ಯಾರು ಹಾಕಿ ಕೊಡುತ್ತಾರೆ, ಮನೆಗೆ ಹೇಗೆ ಹೋಗುತ್ತಾರೆ, ಇಷ್ಟು ನೋಡಿಕೊಳ್ಳಿ.

ಹಾಕಿ ಕೊಡುವವರು ಸಂಬಳಕ್ಕೆ ಬಂದವರಾಗಿರಲಿ. ನೆಂಟರ ಹುಡುಗರನ್ನು ಅಲ್ಲಿ ನಿಲ್ಲಿಸಲೇಬೇಡಿ. 'ಸಾಕು ಮಾವ' ಅಂತ ಯಾವ ಅಳಿಯನೂ ಹೇಳಲಾರ. ಹೇಳಿದರೆ ಅದೇ ದೊಡ್ಡ ಜಗಳವಾಗುತ್ತದೆ. ಹೊರಗಿನವನಾದರೆ 'ಐಸ್ ತರೋಕೆ ಹೋಗಿದ್ದಾರೆ ಸಾರ್, ಐದು ನಿಮಿಷ' ಅಂತ ಹಲ್ಲು ಕಿರಿದು ಅರ್ಧ ಗಂಟೆ ತಳ್ಳುತ್ತಾನೆ. ಅಳತೆಯ ಲೋಟವಿಲ್ಲದೆ ಹಾಕಬಾರದು ಅಂತಲೂ ಹೇಳಿಡಿ. ಅಂದಾಜಿನಲ್ಲಿ ಸುರಿದರೆ 30 ಅಂದದ್ದು 50 ಆಗುತ್ತದೆ, ಕುಡಿಯುವವನು ಪಾಪ ಒಂದೇ ಅಂತ ಎಣಿಸಿಕೊಂಡಿರುತ್ತಾನೆ. ಟೇಬಲ್ ಮೇಲೆ ಬಾಟಲಿ ಇಡುವ ಮಾತಂತೂ ಎತ್ತಲೇಬೇಡಿ.

ಊಟ ಬಾರ್ ಜೊತೆಗೇ ಶುರುವಾಗಲಿ. ನಾವು ಡ್ರಿಂಕ್ಸ್ ಆದ ಮೇಲೆ ಊಟ ಅಂತ ಇಟ್ಟಿದ್ದೆವು, ಅದೂ ಪೆದ್ದುತನ. ಹೊಟ್ಟೆಯಲ್ಲಿ ಊಟವಿದ್ದರೆ ಆಲ್ಕೋಹಾಲ್ ಸಣ್ಣ ಕರುಳಿಗೆ ನಿಧಾನವಾಗಿ ಇಳಿಯುತ್ತದೆ, ಹೆಚ್ಚಾಗಿ ರಕ್ತಕ್ಕೆ ಸೇರುವುದು ಅಲ್ಲಿಂದಲೇ. ನೀರು ಕೇಳದೆಯೇ ಎಲ್ಲರ ಕೈಗೆ ಸಿಗಬೇಕು. ಬಾರ್ ಮುಚ್ಚುವುದನ್ನು ಯಾರಿಗೂ ಸಾರಬೇಡಿ. ಕಾರ್ಯಕ್ರಮ ಮುಗಿಯಲು ಒಂದು ಗಂಟೆ ಇದೆ ಅನ್ನುವಾಗ ಬಾಟಲಿಗಳನ್ನು ಒಂದೊಂದಾಗಿ ಒಳಗೆ ಸಾಗಿಸಿ. ಜನ ನೋಡುವಷ್ಟರಲ್ಲಿ ಅಲ್ಲಿ ಜ್ಯೂಸ್ ಮಾತ್ರ ಇರಲಿ. ಒಂದಿಬ್ಬರು ಗೊಣಗುತ್ತಾರೆ, ಗೊಣಗಲಿ.

ಹಾಗಾದರೆ ಡ್ರಿಂಕ್ಸೇ ಬೇಡ ಅನ್ನಬಹುದಲ್ಲ ಅಂತ ನಿಮ್ಮ ಅಮ್ಮ ಕೇಳುತ್ತಿದ್ದಾರೆ ಅಂದಿರಿ. ಹುಡುಗನ ಕಡೆಯವರು ಒಪ್ಪಿದರೆ ಅದಕ್ಕಿಂತ ಸುಲಭದ ದಾರಿಯಿಲ್ಲ. ಒಪ್ಪದಿದ್ದರೆ ಸುಮ್ನೆ ಹಟ ಮಾಡಬೇಡಿ. ಕಾರಿನ ಡಿಕ್ಕಿಯಲ್ಲಿ ಬಾರ್ ತೆರೆಯುತ್ತದೆ, ಅಲ್ಲಿ ಅಳತೆಯೂ ಇಲ್ಲ, ನೀರೂ ಇಲ್ಲ.

ಕಾರಿನ ಕೀ ಬಗ್ಗೆ ಮಾತ್ರ ನಾಚಿಕೆ ಬೇಡ. ಬಂದಾಗಲೇ ಪಾರ್ಕಿಂಗ್ ಮಾಡುವವರ ಕೈಗೆ ಕೀ ಹೋಗಲಿ, ವಾಪಸ್ ಕೊಡುವಾಗ ಮುಖ ನೋಡಿ ಕೊಡಲಿ. ವಾಪಸ್ ಬಿಡಲು ಒಂದೆರಡು ವ್ಯಾನ್ ಮೊದಲೇ ಗೊತ್ತು ಮಾಡಿ. ಕೀ ಕೊಡುವುದಿಲ್ಲ ಅಂತ ದೊಡ್ಡವರಿಗೆ ಹೇಳಲು ಮನೆಯಲ್ಲಿ ಒಬ್ಬರಿರುತ್ತಾರೆ, ಯಾರೂ ಎದುರು ಮಾತಾಡದಂಥವರು. ನಮ್ಮಲ್ಲಿ ಅದು ದೊಡ್ಡತ್ತೆ. ತಮ್ಮನ ಮದುವೆಯಲ್ಲಿ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಒಬ್ಬನೂ ಕಮಕ್ ಕಿಮಕ್ ಅನ್ನಲಿಲ್ಲ.

ಯಾರಾದರೂ ಟೈಟಾಗಿ ಮಲಗಿದರೆ ಅಂಗಾತ ಬಿಡಬೇಡಿ, ವಾಂತಿ ಶ್ವಾಸನಾಳಕ್ಕೆ ಹೋದರೆ ಜೀವಕ್ಕೇ ಅಪಾಯ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒಬ್ಬರು ಜೊತೆಗಿರಿ. ಕಾಫಿ, ತಣ್ಣೀರು ಯಾವುದೂ ಅಮಲು ಇಳಿಸುವುದಿಲ್ಲ. ಕೂಗಿದರೂ ಏಳದಿದ್ದರೆ, ಉಸಿರು ತಡೆದು ತಡೆದು ಬರುತ್ತಿದ್ದರೆ, ಮರ್ಯಾದೆ ಗಿರ್ಯಾದೆ ಅನ್ನದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕೂಪನ್ ಆಗಲೇ ಪ್ರಿಂಟಿಗೆ ಕೊಟ್ಟಿದ್ದೀರಂತೆ. ಫೋಟೋ ಬೂತ್‌ಗೆ ಬಳಸಿ. ಅಲ್ಲಿ ಒಬ್ಬರೇ ಏಳು ಸಲ ನಿಂತರೂ ಏನೂ ಆಗುವುದಿಲ್ಲ.