ವಾಕರ್ ಅಂದರೆ ನಡೆಯುವವನಾ?
ವಾಕರ್ ಎಂಬ ಸರ್‌ನೇಮ್ ‘ಜಾಸ್ತಿ ನಡೆಯುವವನು’ ಅನ್ನುವುದರಿಂದ ಬಂತಾ ಅಂತ ಕೇಳಿದ್ದೀರಿ. ನಡೆದದ್ದು ನಿಜ, ಆದರೆ ದಾರಿಯಲ್ಲಲ್ಲ, ತೊಟ್ಟಿಯೊಳಗೆ! ಹಿಂದೆ ಇಂಗ್ಲೆಂಡಿನಲ್ಲಿ ಹೊಸದಾಗಿ ನೇಯ್ದ ಉಣ್ಣೆ ಬಟ್ಟೆಯನ್ನು ನೆನೆಸಿ ಕಾಲಲ್ಲಿ ತುಳಿಯುತ್ತಿದ್ದರು. ಜಿಡ್ಡು ಹೋಗಿ ನೇಯ್ಗೆ ಬಿಗಿಯಾಗಲಿ ಅಂತ. ನೀರಿಗೆ ಹಳೇ ಮೂತ್ರವನ್ನೂ ಬೆರೆಸುತ್ತಿದ್ದರು, ಪಾಪ ಅವರ ಕಾಲು! ಈ ಕೆಲಸದವನಿಗೆ ಉತ್ತರದಲ್ಲಿ ವಾಕರ್, ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕ್ಕರ್ ಅಂತ ಹೆಸರು. ನಾವು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಗೆ ಇಂಗ್ಲಿಷಿನಲ್ಲಿ ‘ಫುಲ್ಲರ್ಸ್ ಅರ್ತ್’ ಅನ್ನುತ್ತಾರಲ್ವಾ, ಅದು ಇದೇ ಫುಲ್ಲರ್. ಮೂರರಲ್ಲಿ ಜಾಸ್ತಿ ಹಬ್ಬಿರುವುದು ವಾಕರ್. ಇಂಗ್ಲೆಂಡಿನಲ್ಲಿ ಮೊದಲ 20 ಸರ್‌ನೇಮ್‌ಗಳಲ್ಲಿ ಅದೂ ಒಂದು. ಜಾರ್ಜ್ ಡಬ್ಲ್ಯೂ ಬುಷ್ ಹೆಸರಿನ ‘ಡಬ್ಲ್ಯೂ’ ಕೂಡ ವಾಕರ್ರೇ.