ರಕ್ತ ನಿಂತ ಮೇಲೂ ಒಳಗಿನ ಕರೆಂಟ್ ಯಾಕೆ?

(ಗುರುತು ಸಿಗದಂತೆ ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ.)

ಸಾಕಮ್ಮ, 44 ವರ್ಷ. ಮಂಡ್ಯ ಜಿಲ್ಲೆಯ ಹಳ್ಳಿಯವರು. ಸ್ವಲ್ಪ ಕಬ್ಬು, ಒಂದು ಹಸು, ಡೇರಿಗೆ ಹಾಲು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಗೊತ್ತಾಗುವ ಹೊತ್ತಿಗೆ ಆಪರೇಷನ್ ಹಂತ ದಾಟಿತ್ತು. ಮೈಸೂರಿನಲ್ಲಿ 25 ಸಲ ಹೊರಗಿನ ರೇಡಿಯೇಷನ್, ಜೊತೆಗೆ ವಾರಕ್ಕೊಂದು ಕೀಮೋ, ಎಲ್ಲ ಮುಗಿಸಿದ್ದರು. ಉಳಿದಿದ್ದು ಬ್ರಾಕಿಥೆರಪಿ, ನಮ್ಮ ಕಡೆ ಜನ ಹೇಳುವ 'ಒಳಗಿನ ಕರೆಂಟ್'. ಅದಕ್ಕೆ ಅವರು ಬರಲೇ ಇಲ್ಲ. ಆಸ್ಪತ್ರೆಯವರು ಫೋನ್ ಮಾಡಿ ಮಾಡಿ, ಕೊನೆಗೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡಲು ನನ್ನ ಹತ್ತಿರ ಕಳಿಸಿದರು.

"ರಕ್ತ ಹೋಗದು ನಿಂತೋಗದೆ ಮೇಡಂ. ವಾಸನೆನೂ ಇಲ್ಲ. ಇನ್ಯಾಕೆ?" ಎಂದರು ಸಾಕಮ್ಮ.

ಈ ಮಾತು ಕೇಳಿದಾಗಲೆಲ್ಲ ನನಗೆ ದಿಗಿಲಾಗುತ್ತದೆ. ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡಿದೆ, ಅದಕ್ಕೇ ಜನ ಅದನ್ನು ಅರ್ಧಕ್ಕೆ ಬಿಡುತ್ತಾರೆ! ಅವರ ಯಜಮಾನರನ್ನು ಕೇಳಿದೆ, "ಕಬ್ಬು ಕಡಿದ ಮೇಲೆ ಕೂಳೆ ಬರಲ್ವಾ ಅಣ್ಣ?" ಅವರು ತಲೆಯಾಡಿಸಿದರು. ಗಡ್ಡೆ ಕುಗ್ಗಿದೆ, ಬುಡ ಇನ್ನೂ ಇದೆ ಎಂದು ಹೇಳಿದೆ.

ಆಮೇಲೆ ವಿಷಯ ಬಿಡಿಸಿದೆ. ಕಿರಣ ಕ್ಯಾನ್ಸರ್ ಕಣದ ಡಿಎನ್‌ಎ ಮುರಿಯುತ್ತದೆ. ಅಕ್ಕಪಕ್ಕದ ಒಳ್ಳೆಯ ಕಣಗಳಿಗೂ ಪೆಟ್ಟು ಬೀಳುತ್ತದೆ, ಆದರೆ ಅವು ಹೆಚ್ಚು ಚೆನ್ನಾಗಿ ರಿಪೇರಿ ಮಾಡಿಕೊಳ್ಳುತ್ತವೆ. ಅದಕ್ಕೇ ದಿನಕ್ಕೆ ಇಷ್ಟಿಷ್ಟೇ ಕೊಡುವುದು. ಹೊರಗಿನಿಂದ ಸಾಮಾನ್ಯವಾಗಿ ಒಟ್ಟು 45ರಿಂದ 50 ಗ್ರೇ (ಕಿರಣದ ಪ್ರಮಾಣ ಅಳೆಯುವ ಲೆಕ್ಕ) ಕೊಡುತ್ತಾರೆ. ಅದಕ್ಕಿಂತ ಜಾಸ್ತಿ ಕೊಟ್ಟರೆ ಮುಂದಿರುವ ಮೂತ್ರಕೋಶ, ಹಿಂದಿರುವ ಗುದನಾಳ, ಸುತ್ತಲಿನ ಕರುಳು ತಡೆಯುವುದಿಲ್ಲ. ಗಡ್ಡೆಯ ಬುಡಕ್ಕೆ ಮಾತ್ರ ಅದು ಸಾಲದು. ಉಳಿದದ್ದನ್ನು ಒಳಗಿನಿಂದ ಕೊಡಬೇಕು. ಸಣ್ಣ ಕೊಳವೆ ಇಟ್ಟು, ಅದರೊಳಗೆ ಇರಿಡಿಯಂ ಎಂಬ ವಿಕಿರಣ ವಸ್ತುವನ್ನು ಕೆಲವು ನಿಮಿಷ ಕಳಿಸಿ ವಾಪಸ್ ಎಳೆದುಕೊಳ್ಳುತ್ತಾರೆ. ಹತ್ತಿರಕ್ಕೆ ಜೋರು, ಸ್ವಲ್ಪ ದೂರ ಹೋದರೆ ಕಿರಣದ ಬಲ ಸರ್ರನೆ ಇಳಿಯುತ್ತದೆ. ಇದನ್ನು ಬಿಟ್ಟವರಲ್ಲಿ ಕಾಯಿಲೆ ಮರಳುವುದು ಜಾಸ್ತಿ. ಮೊದಲ ದಿನದಿಂದ ಕೊನೆಯ ದಿನದವರೆಗೆ ಒಟ್ಟು 8 ವಾರದೊಳಗೆ ಮುಗಿಸಬೇಕು ಎಂಬ ಲೆಕ್ಕವೂ ಇದೆ. ಇವರು ಬಂದಾಗ ಏಳನೇ ವಾರ. ಅವರ ಎದುರಿಗೇ ಡಾಕ್ಟರಿಗೆ ಫೋನ್ ಮಾಡಿದೆ.

ಆದರೆ ಲೆಕ್ಕ ಹೇಳಿದ ಮಾತ್ರಕ್ಕೆ ಯಾರೂ ಒಪ್ಪುವುದಿಲ್ಲ. ಗಂಡನನ್ನು ಹೊರಗೆ ಕೂರಿಸಿದ ಮೇಲೆ ಸಾಕಮ್ಮ ಬಾಯಿ ಬಿಟ್ಟರು. ಮೂರನೇ ವಾರದಿಂದ ಭೇದಿ. ಬಸ್ಸಿನಲ್ಲಿ ಎಲ್ಲಿ ಅವಸರವಾಗುತ್ತದೋ ಎಂದು ಬೆಳಿಗ್ಗೆ ನೀರೇ ಕುಡಿಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮೂತ್ರಕೋಶ ತುಂಬಿರಬೇಕು ಅನ್ನುತ್ತಾರೆ, ಅದು ತುಂಬಿದ್ದರೆ ಕರುಳು ಮೇಲಕ್ಕೆ ಸರಿದು ಕಿರಣದಿಂದ ತಪ್ಪಿಸಿಕೊಳ್ಳುತ್ತದೆ. ಆಸ್ಪತ್ರೆ ತಲುಪಿದ ಮೇಲೆ ಕುಡಿದು ಕಾಯಬಹುದು ಎಂದು ಯಾರೂ ಹೇಳಿರಲಿಲ್ಲ. ಭೇದಿಗೆ ಮಾತ್ರೆ ಇದೆ, ಆ ದಿನಗಳಲ್ಲಿ ಸೊಪ್ಪು, ಕಾಳು, ಖಾರ ಬಿಟ್ಟು ಅನ್ನ ಮಜ್ಜಿಗೆ, ಬಾಳೆಹಣ್ಣು ತಿನ್ನಬಹುದು ಎಂಬುದೂ ಗೊತ್ತಿರಲಿಲ್ಲ. ಇದರ ಮೇಲೆ ವಾರ್ಡಿನಲ್ಲಿ ಯಾರೋ "ಒಳಗಿಂದು ಜೀವ ಹೋಗ್ತದೆ ಕನವ್ವ" ಅಂದಿದ್ದರು.

ಏನೂ ನೋವಾಗಲ್ಲ ಎಂದು ನಾನು ಹೇಳಲಿಲ್ಲ. ನೋವಾಗಬಹುದು. ನೋವು ತಿಳಿಯದಂತೆ ಏನು ಕೊಡುತ್ತೀರಿ, ಸೊಂಟಕ್ಕೆ ಇಂಜೆಕ್ಷನ್ನೋ, ಮತ್ತು ಬರಿಸುವ ಮದ್ದೋ ಎಂದು ಮೊದಲೇ ಕೇಳಿ ಎಂದೆ. 'ಸ್ವಲ್ಪ ತಡ್ಕೊಳ್ಳಮ್ಮ' ಎನ್ನುವ ಮಾತು ನನಗೆ ಹಿಡಿಸುವುದಿಲ್ಲ. ದುಡ್ಡಿನ ಚಿಂತೆಗೆ, ಬಿಪಿಎಲ್ ಕಾರ್ಡ್ ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರ (ಸರ್ಕಾರಿ ಆರೋಗ್ಯ ಯೋಜನೆಯ ಸಹಾಯಕರ) ಹತ್ತಿರ ಮಂಜೂರಾತಿ ವಿಚಾರಿಸಲು ಹೇಳಿದೆ.

ಗಂಡನ ಭಯವೇ ಬೇರೆ. ಎರಡು ತಿಂಗಳಿಂದ ಜಗಲಿಯಲ್ಲಿ ಮಲಗುತ್ತಿದ್ದರು. "ಮೈಯಿಂದ ಕರೆಂಟ್ ಹೊಡೀತದಾ? ನಂಗೂ ಬತ್ತದಾ?" ಹೊರಗಿನ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ. ಬ್ರಾಕಿಥೆರಪಿಯ ಇರಿಡಿಯಂ ಕೂಡ ಮೆಷಿನ್‌ಗೇ ವಾಪಸ್ ಹೋಗುತ್ತದೆ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇದರ ಹಿಂದೆ ಸಾಮಾನ್ಯವಾಗಿ ಎಚ್‌ಪಿವಿ ಎಂಬ, ಗಂಡು ಹೆಣ್ಣು ಕೂಡುವಾಗ ಹರಡುವ ವೈರಸ್ ಇರುತ್ತದೆ. ಅದು ತೀರಾ ಸಾಮಾನ್ಯ, ಎಷ್ಟೋ ವರ್ಷದ ಹಿಂದೆ ಬಂದದ್ದಿರಬಹುದು, ಯಾರ ನಡತೆಯ ಮೇಲೂ ಬೊಟ್ಟು ಮಾಡಬೇಡಿ ಎಂದು ಖಡಕ್ಕಾಗಿಯೇ ಹೇಳಿದೆ. ಅತ್ತೆಯವರು ಇಟ್ಟಿದ್ದ ಬೇರೆ ತಟ್ಟೆ, ಬೇರೆ ಬಕೆಟ್ ಕೂಡ ಬೇಕಿಲ್ಲ.

ಇಬ್ಬರನ್ನೂ ಕೂರಿಸಿಕೊಂಡು ಮುಂದಿನದನ್ನೂ ಹೇಳಿದೆ. ಮುಟ್ಟು ನಿಲ್ಲುತ್ತದೆ, ಮೈ ಬಿಸಿಯಾಗಿ ಬೆವರುತ್ತದೆ. ಯೋನಿ ಒಣಗಿ ಕಿರಿದಾಗಬಹುದು. ಅದಕ್ಕೆ ಡೈಲೇಟರ್, ಅಂದರೆ ಯೋನಿ ಕಿರಿದಾಗದಂತೆ ಒಳಗೆ ಹಾಕಿ ತೆಗೆಯುವ ನಯವಾದ ಸಾಧನ, ಬಳಸುವುದನ್ನು ನರ್ಸ್ ಕಲಿಸುತ್ತಾರೆ. ಗಂಡ ಹೆಂಡತಿ ಕೂಡದಿದ್ದರೂ ಅದು ಬೇಕು, ಇಲ್ಲದಿದ್ದರೆ ಮುಂದೆ ಡಾಕ್ಟರಿಗೆ ಒಳಗೆ ಪರೀಕ್ಷೆ ಮಾಡುವುದೇ ಕಷ್ಟ. ಕೂಡುವುದು ಗಾಯ ಮಾಗಿದೆ ಎಂದು ಡಾಕ್ಟರ್ ಹೇಳಿದ ಮೇಲೆ, ಜೆಲ್ ಹಚ್ಚಿ, ನಿಧಾನವಾಗಿ. ತಿಂಗಳು, ವರ್ಷ ಕಳೆದ ಮೇಲೂ ಮಲದಲ್ಲೋ ಮೂತ್ರದಲ್ಲೋ ರಕ್ತ ಕಾಣಿಸಬಹುದು. ಪೈಲ್ಸ್ ಇರಬೇಕು ಎಂದು ನಾಟಿ ಮದ್ದು ಮಾಡಿಸಬೇಡಿ, ರೇಡಿಯೇಷನ್ ಕೊಟ್ಟವರಿಗೇ ತೋರಿಸಿ.

"ಇಷ್ಟೆಲ್ಲ ಮಾಡ್ಸುದ್ರೆ ಉಳೀತಾಳಾ?" ಗ್ಯಾರಂಟಿ ಯಾರೂ ಕೊಡಲಾರರು. ಆದರೆ ಇದು ಗುಣಪಡಿಸಲೆಂದೇ ಕೊಡುವ ಚಿಕಿತ್ಸೆ. ಈ ಕಾಯಿಲೆಗೆ ರೇಡಿಯೇಷನ್ ಜೊತೆ ಕೀಮೋ ಕೊಟ್ಟರೆ ಸಾವಿನ ಅಪಾಯ 30ರಿಂದ 50 ಪರ್ಸೆಂಟ್ ತಗ್ಗುತ್ತದೆ ಎಂದು 1999ರಲ್ಲೇ ಹಲವು ಅಧ್ಯಯನಗಳು ತೋರಿಸಿವೆ. ಆ ಅಧ್ಯಯನಗಳಲ್ಲಿ ಹೆಚ್ಚಿನವುಗಳಲ್ಲಿ ಒಳಗಿನ ಕರೆಂಟೂ ಸೇರಿತ್ತು.

ಮೂರು ಸಲದ ಬ್ರಾಕಿಥೆರಪಿ ಮುಗಿಯಿತು, ಎಂಟು ವಾರ ತುಸು ದಾಟಿ. ಸಾಕಮ್ಮನಿಗೆ ಸುಸ್ತು ಇನ್ನೂ ಇದೆ, ಹಾಲು ಕರೆಯುವುದು ಈಗ ಗಂಡನ ಪಾಲಿಗೆ. ಜಗಲಿಯಿಂದ ಒಳಗೆ ಬಂದಿದ್ದಾರೆ, ಡೈಲೇಟರ್ ಮಾತ್ರ ಬೀರುವಿನಲ್ಲೇ ಉಳಿದಿದೆ. ಅದನ್ನು ಮುಂದಿನ ಭೇಟಿಯಲ್ಲಿ ಮತ್ತೆ ಎತ್ತಬೇಕು. ಮಗಳಿಗೆ 13 ವರ್ಷ, ಎಚ್‌ಪಿವಿ ಲಸಿಕೆಗೆ ಸರಿಯಾದ ವಯಸ್ಸು. 38ರ ತಂಗಿಯನ್ನೂ ತಪಾಸಣೆಗೆ ಕರೆತರಲು ಹೇಳಿದ್ದೆ. ಹಬ್ಬ ಮುಗಿಯಲಿ ಅಂದಿದ್ದಾರಂತೆ.